ಗದ್ದದ ಕೆಳಗಿನ ಲೈಟು

ಥೂ, ಎಂದು ಸಂಗೀತಾ ಲ್ಯಾಪ್‌ಟಾಪ್ ಮುಚ್ಚಿದಳು. ಸಂಜೆಯೊಳಗೆ ಫೈಲು ಕಳಿಸಬೇಕು, ನಾಳೆ ತರೀಕೆರೆಯ ಕಿರುಚಿತ್ರ ಸ್ಪರ್ಧೆಯಲ್ಲಿ ಪ್ರದರ್ಶನ. ತಾನೇ ತೆಗೆದ ಶಾಟು, ತಾನೇ ಇಟ್ಟ ಲೈಟು, ಆದರೂ ಕೊನೆಯವರೆಗೆ ನೋಡಲಾಗಲಿಲ್ಲ. ಅದರಲ್ಲಿರುವ ಮುಖ ಅವಳ ಅಜ್ಜಿಯದು. ಅಜ್ಜಿ ಇನ್ನೂ ಅದನ್ನು ನೋಡಿರಲಿಲ್ಲ.

ಅಜ್ಜಂಪುರದ ಈ ಹುಡುಗಿಗೆ ಕ್ಯಾಮೆರಾ ಹೊಸದೇನಲ್ಲ. ಪಿಯುಸಿ ಓದುವಾಗಲೇ, ಫೋಟೊ ಸ್ಟುಡಿಯೋ ಇಟ್ಟಿದ್ದ ಸೋದರಮಾವ ಕಲ್ಲೇಶನ ಜೊತೆ ಮದುವೆಮನೆಗಳಿಗೆ ಹೋಗುತ್ತಿದ್ದಳು. ಮುಖಕ್ಕೆ ಲೈಟು ಮೇಲಿನಿಂದ ಬರಬೇಕು, ಬಿಳಿ ಕೊಡೆಯೊಳಗಿಂದ ಸೋಸಿ ಬರಬೇಕು. ವಯಸ್ಸಾದವರ ಹತ್ತಿರ ಲೆನ್ಸು ಒಯ್ಯಬಾರದು, ದೂರ ನಿಂತು ಝೂಮ್ ಮಾಡಬೇಕು. ಇದೆಲ್ಲ ಅವಳಿಗೆ ಬಾಯಿಪಾಠ. ಯಾರ ಮನೆಯ ಅತ್ತೆಯೂ ಇವಳ ಕೈಯಲ್ಲಿ ಕುರೂಪಿಯಾದದ್ದಿಲ್ಲ. ಕಡೂರಿನ ಕಾಲೇಜಿನಲ್ಲಿ ಸಹಪಾಠಿ ವಿಶ್ರುತ್ ದೆವ್ವದ ಚಿತ್ರಕ್ಕೆ ಕೈ ಹಾಕಿದಾಗ ಕ್ಯಾಮೆರಾ ಇವಳ ಪಾಲಿಗೆ ಬಂದದ್ದು ಸಹಜವೇ.

ರಾತ್ರಿ ಚಿತ್ರೀಕರಣಕ್ಕೆ ಯಾರ ಮನೆಯಲ್ಲೂ ಒಪ್ಪಲಿಲ್ಲ. ಹಾಗಾಗಿ ಎಮ್ಮೆದೊಡ್ಡಿ ಕಾವಲಿನ ಹುಲ್ಲುಗಾವಲಿನಲ್ಲಿ ಮಟಮಟ ಮಧ್ಯಾಹ್ನ ತೆಗೆದು, ಕಂಪ್ಯೂಟರಿನಲ್ಲಿ ನೀಲಿ ಬಳಿದು ರಾತ್ರಿ ಮಾಡಿದರು. ಬೆಳದಿಂಗಳಲ್ಲಿ ದನಗಳು ಆರಾಮಾಗಿ ಮೇಯುತ್ತಿವೆ, ನಾಯಕಿ ಬೆವರು ಒರೆಸಿಕೊಳ್ಳುತ್ತಿದ್ದಾಳೆ. ದೆವ್ವ ಬರುವ ಮೊದಲೇ ನಗು ಬರುತ್ತಿತ್ತು. ಅದನ್ನಾದರೂ ಕ್ಷಮಿಸಬಹುದಿತ್ತು.

ದೆವ್ವಕ್ಕೊಬ್ಬ ಮುದುಕಿ ಬೇಕೆಂದಾಗ ಸಂಗೀತಾ ಮನೆಯಲ್ಲೇ ಇದ್ದ ಅಜ್ಜಿ ವಿಶಾಲಾಕ್ಷಮ್ಮನನ್ನು ಒಪ್ಪಿಸಿದಳು. "ಪೂಜೆ ಮಾಡೋ ಅಜ್ಜಿ ಪಾರ್ಟು ಕಣಜ್ಜಿ" ಎಂದು ಹಸಿ ಸುಳ್ಳು ಹೇಳಿದಳು. ಅಜ್ಜಿ ತಲೆಗೆ ನೀರು ಹಾಕಿಕೊಂಡು, ಹಣೆಯ ತುಂಬ ವಿಭೂತಿ ಧರಿಸಿ, ಪಟ್ಟೆಸೀರೆ ಉಟ್ಟು ಬಂದು ಕೂತಳು. ಕಿಟಕಿಗಳಿಗೆ ಕಂಬಳಿ ಕಟ್ಟಿ ನಡುಮನೆಯನ್ನು ಕತ್ತಲೆ ಮಾಡಿದ್ದರು.

"ವಿಭೂತಿ ಲೈಟಿಗೆ ಬೆಳ್ಳಗೆ ಹೊಡೀತಿದೆ ಕಣೇ" ಎಂದ ವಿಶ್ರುತ್. "ಅಲ್ದೆ, ವಿಭೂತಿ ಇಟ್ಕೊಂಡಿರೋ ದೆವ್ವ ಎಲ್ಲಾದ್ರೂ ಇದ್ಯಾ?"

ಎಕ್ಸ್‌ಪೋಷರ್ ಸ್ವಲ್ಪ ಇಳಿಸಿದ್ದರೆ ಬೆಳಕಿನ ತಕರಾರು ಮುಗಿಯುತ್ತಿತ್ತು. ಸಂಗೀತಾಗೆ ಅದು ಗೊತ್ತಿತ್ತು. ಆದರೂ ಒದ್ದೆ ಬಟ್ಟೆ ತಂದಳು. ವಿಭೂತಿಯಿಲ್ಲದೆ ಬಾಯಿಗೆ ತೊಟ್ಟು ನೀರೂ ಹಾಕದ ಹೆಂಗಸು, ಮೊಮ್ಮಗಳಲ್ಲವೇ ಎಂದು ಸುಮ್ಮನೆ ಹಣೆಯೊಡ್ಡಿದಳು. ಆಮೇಲೆ ಸಂಗೀತಾ ಲೈಟನ್ನು ನೆಲದ ಮೇಲಿಟ್ಟು, ನೀಲಿ ಕಾಗದ ಹೊದಿಸಿ, ನೇರ ಗದ್ದದ ಕೆಳಗಿನಿಂದ ಬಿಟ್ಟಳು. ಅಗಲದ ಲೆನ್ಸನ್ನು ಮುಖಕ್ಕೆ ಗೇಣು ದೂರದವರೆಗೆ ಒಯ್ದಳು. ಮೂಗು ಊದಿತು, ಕಣ್ಣು ಗುಳಿಬಿದ್ದವು, ಹಲ್ಲಿಲ್ಲದ ಬಾಯಿ ಬಿಲದಂತಾಯಿತು. ಅಜ್ಜಿ ಭಕ್ತಿಯಿಂದ ಶಿವನಾಮ ಹೇಳುತ್ತಿದ್ದಳು. ಎಡಿಟಿಂಗಿನಲ್ಲಿ ಆ ದನಿ ತೆಗೆದು ಗುರುಗುಟ್ಟುವ ಸದ್ದು ತುಂಬಿದರು.

ತರಗತಿಯಲ್ಲಿ ತೋರಿಸಿದಾಗ ಹುಡುಗಿಯರು "ಛೀ, ಅಸಹ್ಯ!" ಎಂದು ಮುಖ ಮುಚ್ಚಿಕೊಂಡರು, ಹುಡುಗರು ಸಿಳ್ಳೆ ಹೊಡೆದರು. ಮೇಷ್ಟ್ರು ಆನಂದ್ ಎದ್ದು ನಿಂತು "ಲೈಟಿಂಗ್ ಅಂದ್ರೆ ಇದು" ಎಂದರು. ಸಂಗೀತಾ ಹಲ್ಲು ಬಿಟ್ಟಳು. ಆ ನಗು ನೆನೆದರೆ ಈಗ ತನ್ನ ಮುಖಕ್ಕೆ ತಾನೇ ಉಗಿಯಬೇಕೆನಿಸುತ್ತಿತ್ತು.

"ಎಲ್ಲೇ ನನ್ ಸಿನಿಮಾ?" ಎನ್ನುತ್ತಾ ಅಜ್ಜಿ ಕನ್ನಡಕ ಏರಿಸಿಕೊಂಡು ಬಂದಳು. "ನಾಳೆ ಊರೋರೆಲ್ಲ ನೋಡೋಕ್ ಮುಂಚೆ ನಾನ್ ನೋಡ್ಬೇಡ್ವಾ?"

ನೆಪ ಹೇಳಬಹುದಿತ್ತು. ಅದಕ್ಕೂ ಹೇಸಿಗೆಯಾಗಿ ಸಂಗೀತಾ ಲ್ಯಾಪ್‌ಟಾಪ್ ತೆರೆದು ಆ ಶಾಟು ಹಾಕಿದಳು. ಅಜ್ಜಿ ಹುಬ್ಬು ಗಂಟಿಕ್ಕಿ ನೋಡಿದಳು.

"ಯಾರೇ ಇದು, ಪಾಪ? ಬರೀ ಹಣೇಲಿ ಕೂರ್ಸಿದಾರಲ್ಲ! ಹೆಣಕ್ಕಾದ್ರೂ ವಿಭೂತಿ ಬಳ್ದು ಮಣ್ಣು ಮಾಡ್ತಾರೆ ಕಣೇ. ಇವಳಿಗೆ ತನ್ನೋರು ಅಂತ ಯಾರೂ ಇಲ್ವಾ?"

"ಇದಾರೆ ಅಜ್ಜಿ" ಎಂದಳು ಸಂಗೀತಾ. "ಲೈಟ್ ಇಟ್ಟೋಳು ಅವಳ ಮೊಮ್ಮಗಳೇ."

ಅಜ್ಜಿ ಪರದೆಯ ಹತ್ತಿರಕ್ಕೆ ಬಗ್ಗಿದಳು. ಅಲ್ಲಿ ಕಂಡ ಪಟ್ಟೆಸೀರೆಯ ಅಂಚಿನ ಮೇಲೆ ಬೆರಳಾಡಿಸಿದಳು. ಕೊನೆಗೆ ಕನ್ನಡಕ ತೆಗೆದು ಕೇಳಿದಳು: "ನಿನ್ ಕಣ್ಣಿಗೆ ನಾನ್ ಹಿಂಗ್ ಕಾಣ್ತೀನೇನೇ?"

ಸಂಗೀತಾ ಅಜ್ಜಿಯ ಎದುರಿಗೇ ಶಾಟನ್ನು ಅಳಿಸಿಹಾಕಿದಳು. ಅಜ್ಜಿ ಅದರ ಕಡೆ ನೋಡಲಿಲ್ಲ. ಉತ್ತರಕ್ಕೆ ಕಾಯುತ್ತಾ ಮೊಮ್ಮಗಳ ಮುಖವನ್ನೇ ನೋಡುತ್ತಿದ್ದಳು.