ಅಕ್ಕನ ಕುಡಿಕೆಯ ಹೆಪ್ಪು

ನಾನು ಚಿಕ್ಕವನಿದ್ದಾಗ, ಈಗಿನ ನಿಮ್ಮಷ್ಟೂ ಇರಲಿಲ್ಲ ಬಿಡಿ, ಒಂದು ಮಳೆಗಾಲ ಹೊಳೆ ಬಂದು ಮೇಲವಂಕಿಯ ನಮ್ಮ ಮಣ್ಣಿನ ಮನೆ ಬಿದ್ದಿತು. ಅಪ್ಪ, ಅವ್ವ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಉಳಿದವರು ಹನ್ನೆರಡು ವರ್ಷದ ಅಕ್ಕ, ಆರು ವರ್ಷದ ನಾನು. ಹತ್ತರಗಿಯ ದೊಡ್ಡ ರಸ್ತೆಯ ಖಾನಾವಳಿಗಳಲ್ಲಿ ಕೆಲಸ ಸಿಗುತ್ತದೆ ಎಂದು ಅಕ್ಕ ಯಾರಿಂದಲೋ ಕೇಳಿದ್ದಳು. ಹೊರಡುವಾಗ ಅವಳು ಎತ್ತಿಕೊಂಡದ್ದು ಅವ್ವನ ಮೊಸರಿನ ಕುಡಿಕೆಯೊಂದನ್ನೇ. ಅದರಲ್ಲಿ ನಾಲ್ಕು ಚಮಚೆ ಮೊಸರಿತ್ತು. "ಮುಂದ ನಮಗೂ ಮನಿ ಆಗ್ತೈತಿ, ಹೆಪ್ಪು ಬೇಕಲ್ಲ," ಅಂದಳು.

ಎರಡು ದಿನ ಕೆಸರು ತುಳಿದು ನಡೆದೆವು. ಧುಪದಾಳದಲ್ಲಿ ಒಬ್ಬರು, "ಹುಡುಗನ್ನ ಬಿಟ್ಟು ಹೋಗವಾ, ಜ್ವಾಕಿ ಮಾಡ್ತೀವಿ. ಇಬ್ಬರನ್ನ ಸಾಕೂದು ಆಗಂಗಿಲ್ಲ," ಅಂದರು. ಅಕ್ಕ ನೋಯುವಷ್ಟು ಬಿಗಿಯಾಗಿ ನನ್ನ ಕೈ ಹಿಡಿದು ನಡೆದುಬಿಟ್ಟಳು. ಮುಂದೆ ಹೊಳೆಯ ಒಡ್ಡಿನ ಹತ್ತಿರ ಅವಳು ಮುಖ ತೊಳೆಯುವಾಗ ನಾನು ಹಸಿವು ತಾಳದೆ ಕುಡಿಕೆಗೆ ಬೆರಳು ಹಾಕಿ ನೆಕ್ಕಿದೆ. ತಣ್ಣಗಿತ್ತು, ಹುಳಿಹುಳಿ. ತಳಕ್ಕೆ ಅಂಟಿದ್ದಷ್ಟೇ ಉಳಿಯಿತು. ಅಕ್ಕ ಬೈಯಲಿಲ್ಲ, ಅತ್ತಳು.

ಹತ್ತರಗಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಖಾನಾವಳಿಯ ಒಡತಿ, "ಕೆಲಸ ಇಲ್ಲ, ಮುಂದ ಹೋಗ್ರಿ," ಎಂದು ಒಳಗೆ ಹೋದಳು. ಕಾದ ಹಾಲಿನ ವಾಸನೆಗೆ ನನ್ನ ಕಾಲು ಏಳಲಿಲ್ಲ. ಒಳಗೆ ಅವಳು ಗೊಣಗುತ್ತಿದ್ದಳು. ಬೆಕ್ಕು ಮೊಸರಿನ ಗಡಿಗೆ ಉರುಳಿಸಿತ್ತಂತೆ, ನಾಳೆ ಉಣ್ಣುವವರಿಗೆ ಮೊಸರಿಲ್ಲವಂತೆ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಟ್ಟರೆ ಮನೆಯ ಲಕ್ಷ್ಮಿ ಹೋಗುತ್ತಾಳೆಂದು ನಮ್ಮ ಕಡೆ ನಂಬಿಕೆ. ನೆರೆಯವರು ಯಾರೂ ಕೊಟ್ಟಿರಲಿಲ್ಲ.

ಅಕ್ಕ ಬಾಗಿಲಲ್ಲಿ ನಿಂತು ಕುಡಿಕೆ ಚಾಚಿದಳು. "ತಳಕ್ಕ ಹತ್ತಿದ್ದು ಐತ್ರಿ, ತಗೋರಿ."

"ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಡ್ತಾರೇನ?" ಅಂದಳು ಒಡತಿ.

"ನಮಗ ಮನೀನ ಇಲ್ರಿ. ದೀಪ ಎಲ್ಲಿ ಹಚ್ಚೂದು?"

ಆಕೆ ಕುಡಿಕೆ ಕೈಗೆ ತೆಗೆದುಕೊಂಡಳು. ಆಮೇಲೆ ಬೆಚ್ಚಗಿನ ಹಾಲನ್ನು ಕುಡಿಕೆಗೆ ಸುರಿದು, ಅಲುಗಿಸಿ, ಪಾತ್ರೆಗೆ ಬೆರೆಸಿದಳು. "ಹೆಪ್ಪಾಗ್ತೈತೋ ಇಲ್ಲೋ, ಮುಂಜಾನೆ ನೋಡೂಣು. ಅಲ್ಲೀತನಕ ಇಬ್ಬರೂ ಇಲ್ಲೇ ಇರ್ರಿ."

ನನಗೆ ನಿದ್ದೆ ಬರಲಿಲ್ಲ. ಹಾಲು ಹಾಗೇ ಉಳಿದರೆ ಅದು ನಾನು ನೆಕ್ಕಿದ್ದರಿಂದಲೇ. ಮುಂಜಾನೆ ಆಕೆ ಪಾತ್ರೆ ಓರೆ ಮಾಡಿದಳು, ಮೊಸರು ಕದಲಲಿಲ್ಲ. ನಾವು ಅಲ್ಲೇ ಬೆಳೆದೆವು, ಇಬ್ಬರೂ.

ಈಗ ನೀವು ಫ್ರಿಜ್ಜಿನಿಂದ ಮೊಸರು ತೆಗೆದು, ಹುಳಿ ಅಂತ ಮುಖ ಕಿವುಚುತ್ತೀರಿ. ಇರಲಿ, ನಾನೇನೂ ಅನ್ನುವುದಿಲ್ಲ. ಅದು ಅದೇ ಕುಡಿಕೆಯ ಹೆಪ್ಪು. ಅಕ್ಕ ಇರುವತನಕ ಸಂಜೆ ಯಾರು ಹೆಪ್ಪು ಕೇಳಿದರೂ ಇಲ್ಲ ಅನ್ನಲಿಲ್ಲ. ನಮ್ಮ ಮನೆಯಲ್ಲಿ ದೀಪ ಉರಿಯುತ್ತಿರುವಾಗಲೇ ಕೊಡುತ್ತಿದ್ದಳು.