ಬರೇ ನೀರಿನ ಗಡಿಗಿ

ಆಗ ನನಗ ಒಂಬತ್ತು ವರ್ಷ. ಎಂಬತ್ತು ವರ್ಷದ ಹಿಂದಿನ ಮಾತು. ಯಾವ ಊರಾಗ ಹಸಿವು ಅದ ಅಂತ ವಿಚಾರಿಸಾಕ ರಾಯಚೂರಿನಿಂದ ಒಬ್ಬ ಸಾಹೇಬ ಗಬ್ಬೂರಿನ ಕಡೆ ನಮ್ಮೂರಿಗೆ ಬಂದಿದ್ದ. ಹಸಿವು ಅದ ಅಂದ ಊರಿಗೆ ಸರ್ಕಾರದ ಜೋಳ ಬರ್ತಿತ್ತು. ನಾವು ಹುಣಸಿ ಬೀಜ ಹುರಿದು ತಿಂತಿದ್ವಿ, ತಮ್ಮ ಹಾಸಿಗಿ ಹಿಡಿದಿದ್ದ. ಆದರೂ ಬಂದವರ ಮುಂದ ಒಲಿ ಆರಿರಬಾರದು ಅಂತ ಅವ್ವ ಗಡಿಗ್ಯಾಗ ಬರೇ ನೀರಿಟ್ಟು ಉರಿ ಹಚ್ಚಿದಳು.

"ಉಂಡಿರೇನವ್ವಾ?" ಅಂತ ಸಾಹೇಬ ಬಾಗಲದಾಗ ನಿಂತು ಕೇಳಿದ.

"ಉಂಡೀವ್ರಿ ಯಪ್ಪಾ. ನೀವೂ ಬರ್ರಿ, ಉಣ್ಣಾಕ," ಅಂದಳು ಅವ್ವ.

ಆತ ಹೊಗಿ ನೋಡಿದ, ತಲಿ ಆಡಿಸಿ ಮುಂದಿನ ಮನಿಗೆ ನಡೆದ. ಅಲ್ಲೂ ಹೊಗಿ ಏಳಾಕತ್ತಿತ್ತು.

ಮರುದಿನ ಮುಂಜಾನಿ ತಮ್ಮ ಏಳಲಿಲ್ಲ. ನಾನು ಆ ಗಡಿಗಿ ಹೊತ್ತು ಸಾಹೇಬ ಇಳಿದಿದ್ದ ಚಾವಡಿಗೆ ಹೋಗಿ, ಆತನ ಮುಂದ ಇಟ್ಟು ಮುಚ್ಚಳ ತೆಗೆದೆ.