ಟವೆಲ್ಲು ಮತ್ತು ಐದು ಸೊನ್ನೆಗಳು

ಮೊನ್ನೆ ಕಮಲಾಪುರ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಬಸ್ಸಿನ ಕಿಟಕಿಯಿಂದ ಒಳಗೆ ಎಸೆದ ಟವೆಲ್ಲು ನನ್ನ ಪಕ್ಕದ ಸೀಟಿಗೆ ಬಂದು ಬಿತ್ತು. ಬೆವರಿನ ವಾಸನೆಯ ಹಳೆಯ ಟವೆಲ್ಲು. ನಮ್ಮ ಕಡೆ ಸೀಟು ಹಿಡಿಯುವುದೇ ಹೀಗೆ. ಅದನ್ನು ನೋಡುತ್ತಿದ್ದಂತೆ ನನ್ನ ಕಂಪ್ಯೂಟರ್ ಸರ್ ನೆನಪಾದರು...

ಕಲಬುರಗಿಯ ಬೋರ್ಡುಗಳ ಮೇಲೆ ಆಗಿನ್ನೂ ಗುಲ್ಬರ್ಗ ಎಂದೇ ಇತ್ತು. ನಾನು ದಿನಾ ಬಸ್ಸಿನಲ್ಲಿ ಹೋಗಿ ಅಲ್ಲೊಂದು ಖಾಸಗಿ ಕಂಪ್ಯೂಟರ್ ಸೆಂಟರಿನಲ್ಲಿ ಸಿ ಪ್ಲಸ್ ಪ್ಲಸ್ ಕಲಿಯುತ್ತಿದ್ದೆ. ಸರ್ ಮೋಮಿನಪುರದವರು, ಸಿಟ್ಟೇ ಬಾರದ ಮನುಷ್ಯ. ಅಂಕಿಗಳನ್ನು ತುಂಬಿಡುವ ವೆಕ್ಟರಿಗೆ ಅವರು ‘ಹಿಗ್ಗೋ ಚೀಲ’ ಎನ್ನುತ್ತಿದ್ದರು. ಎಷ್ಟು ಹಾಕಿದರೂ ಹಿಡಿಯುತ್ತದೆ. ಆ ಚೀಲ ಮಾಡುವಾಗಲೇ ಆವರಣದಲ್ಲಿ ಐದು ಎಂದು ಬರೆದು ಐದು ಜಾಗ ಇರಿಸಲೂಬಹುದು ಎಂದರು.

“ಟವೆಲ್ ಹಾಕಿ ಸೀಟ್ ಹಿಡದಂಗ ಏನ್ರೀ ಸರ್?” ಎಂದೆ. ಕ್ಲಾಸೆಲ್ಲ ನಕ್ಕಿತು.

“ಅಲ್ಲವ್ವಾ, ಐದು ಸೊನ್ನಿ ಖರೇನೇ ಬಂದು ಕುಂದರ್ತಾವ. ಆಮ್ಯಾಲ ಬಂದವರು ಅವುಗಳ ಹಿಂದ.”

ನಾಚಿಕೆಯಲ್ಲಿ ಆ ಮಾತು ನನ್ನ ತಲೆಗೇ ಹೋಗಲಿಲ್ಲ.

ಪರೀಕ್ಷೆ ಮುಗಿದ ಮೇಲೆ, ಒಬ್ಬೊಬ್ಬರ ಐದು ಪೇಪರಿನ ಸರಾಸರಿ ತೆಗೆಯುವ ಪ್ರೋಗ್ರಾಂ ಬರೆಯಲು ಸರ್ ನನಗೇ ಹೇಳಿದರು. ನಾನು ಟವೆಲ್ಲು ಹಾಕಿದಂತೆ ಐದು ಜಾಗ ಹಿಡಿದು, ಆಮೇಲೆ ಅಂಕಗಳನ್ನು ಸೇರಿಸುವಂತೆ ಬರೆದೆ. ಮುಂದೆ ಐದು ಸೊನ್ನೆ, ಹಿಂದೆ ಐದು ಅಂಕ, ಭಾಗಿಸಿದ್ದು ಹತ್ತರಿಂದ. ಎಂಬತ್ತು ಇದ್ದವರಿಗೂ ನಲವತ್ತೇ ಬಂತು, ಪಾಸಾಗಲು ಐವತ್ತು ಬೇಕಿತ್ತು. ಸರ್ ಜ್ವರದಿಂದ ಮಲಗಿದ್ದರು. ಆಫೀಸಿನವರು ಕಣ್ಣುಮುಚ್ಚಿ ಪಟ್ಟಿ ತೆಗೆದು ಗೋಡೆಗೆ ಅಂಟಿಸಿದರು. ಕ್ಲಾಸಿಗೆ ಕ್ಲಾಸೇ ಫೇಲ್!

ಜಗಳಕ್ಕೆ ಬಂದ ಪಾಲಕರೆದುರು ಮಾಲೀಕರು, “ಈ ಮಾಸ್ತರಗ ಕಲಸಾಕ ಬರಂಗಿಲ್ಲ” ಎಂದುಬಿಟ್ಟರು. ಜ್ವರದಲ್ಲೇ ಎದ್ದು ಬಂದ ಸರ್ ತಲೆ ತಗ್ಗಿಸಿ ಕೇಳಿಸಿಕೊಂಡರು. ಅಂದೇ ಅವರ ಕೆಲಸ ಹೋಯಿತು.

ಮರುದಿನ ನನ್ನ ಪ್ರೋಗ್ರಾಮನ್ನು ಮತ್ತೆ ಓಡಿಸಿ ನೋಡಿದಾಗ ಆ ಸೊನ್ನೆಗಳು ಕಂಡವು. ಹೇಳಿದರೆ ಅಪ್ಪ ಕಲಿಯುವುದನ್ನೇ ಬಿಡಿಸುತ್ತಾರೆಂದು ಹೆದರಿ ಬಾಯಿಗೆ ಬೀಗ ಹಾಕಿಕೊಂಡೆ. ಇವತ್ತು, ನಾಳೆ ಎನ್ನುತ್ತಲೇ ಮೂರು ವರ್ಷ ಕಳೆಯಿತು... ಕೊನೆಗೆ ಮೋಮಿನಪುರಕ್ಕೆ ಹೋದಾಗ ಬಾಗಿಲು ತೆರೆದದ್ದು ಸರ್ ಅವರ ಹೆಂಡತಿ. ಸರ್ ತೀರಿಕೊಂಡು ಆರು ತಿಂಗಳಾಗಿತ್ತು. ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿ ಅತ್ತೆ.

“ನನಗ ಕಲಸಾಕ ಬರಂಗಿಲ್ಲ ಅಂತ ಕಡೀತನಕ ಅಂತಿದ್ರು ಬೇಟೀ,” ಎಂದರು. “ಅವರಿದ್ದಾಗ ಬಂದು ಹೇಳಬೇಕಿತ್ತು.”

ಮೊನ್ನೆ ಬಸ್ಸು ಹೊರಡುವಾಗ ಟವೆಲ್ಲಿನವರು ಏದುಸಿರು ಬಿಡುತ್ತ ಹತ್ತಿದರು. “ನನ್ನ ಜಾಗ ಕಾದ್ರಿ, ಭಾಳ ಉಪಕಾರ ಆತ್ರೀ ಅಕ್ಕಾರ,” ಎಂದರು.

ನಾನು ಟವೆಲ್ಲನ್ನು ಮಡಚಿ ಅವರ ಕೈಗಿಟ್ಟೆ. ಅಂದು ಸರ್ ಅವರ ಜಾಗ ಹೋದಾಗ ನಾನು ಕಾದುಕೊಂಡದ್ದು ನನ್ನ ಜಾಗವನ್ನಷ್ಟೇ.